ಕ್ಯಾಶ್‌ಬ್ಯಾಕ್ ಸೈಟು, ಸೊಸೈಟಿ ಸದಸ್ಯತ್ವ: ಯಾವುದರಿಂದ ಹೆಚ್ಚು ದುಡ್ಡು ಉಳಿಯುತ್ತದೆ?

ಕ್ಯಾಶ್‌ಬ್ಯಾಕ್ ಸೈಟಿನಿಂದ ಹೆಚ್ಚು ಉಳಿಯುತ್ತದೋ, ಊರ ಸಹಕಾರ ಸಂಘದ (ಸೊಸೈಟಿ) ಸದಸ್ಯನಾದರೋ ಅಂತ ಕೇಳಿದ್ದೀರಿ. ನೀವು ಕೊಪ್ಪಳದವರು, ಹೊಲ ಇದೆ ಅಂತಲೂ ಬರೆದಿದ್ದೀರಿ. ನಾನು ಸಿಂಧನೂರು ಕಡೆಯವನು. ಇದೇ ಲೆಕ್ಕ ಹಾಕುತ್ತಾ ನಾನೂ ಕೂತಿದ್ದೆ, ಅದಕ್ಕೇ ಹೇಳುತ್ತೇನೆ ಕೇಳಿ.

ದೀಪಾವಳಿ ಸೇಲ್‌ನಲ್ಲಿ ಫ್ರಿಜ್ ತಗೊಂಡೆ. ಕ್ಯಾಶ್‌ಬ್ಯಾಕ್ ಸೈಟಿನ ಲಿಂಕ್ ಒತ್ತಿಯೇ ಹೋದದ್ದು. ಆದರೆ ದುಡ್ಡು ಕಟ್ಟುವ ಮುಂಚೆ ಆಸೆಗೆ ಬಿದ್ದು ಇನ್ನೊಂದು ಸೈಟಿನ ಲಿಂಕ್ ಒತ್ತಿ ಅವರ ಕೂಪನ್ ಹಾಕಿದೆ. ಅಷ್ಟೇ, ಕ್ಯಾಶ್‌ಬ್ಯಾಕ್ ಹೋಯಿತು. ಈ ಸೈಟುಗಳು ಕೊಡುವುದು ತಮ್ಮ ಕೈಯಿಂದಲ್ಲ. ಗಿರಾಕಿ ಕರೆತಂದಿದ್ದಕ್ಕೆ ಅಂಗಡಿ ಕೊಡುವ ಕಮಿಷನ್‌ನಲ್ಲಿ ನಮಗೊಂದು ಪಾಲು. ಸಾಮಾನ್ಯವಾಗಿ ಕೊನೆಗೆ ಒತ್ತಿದ ಲಿಂಕ್ ಯಾರದೋ ಕಮಿಷನ್ ಅವರದು. ಸಾಮಾನು ವಾಪಸ್ ಕೊಡುವ ಗಡುವು ಮುಗಿಯುವ ತನಕ ಅದೂ 'ಪೆಂಡಿಂಗ್'.

ನಾನು ಸ್ಕ್ರೀನ್‌ಶಾಟ್ ಕಳಿಸುತ್ತಾ ಜಗಳಕ್ಕೆ ಬಿದ್ದಿದ್ದಾಗಲೇ ನಮ್ಮೂರ ವಿಎಸ್‌ಎಸ್‌ಎನ್ (ವ್ಯವಸಾಯ ಸೇವಾ ಸಹಕಾರ ಸಂಘ, ಅದೇ ಸೊಸೈಟಿ) ಸೆಕ್ರೆಟರಿ ಫೋನ್ ಮಾಡಿದ್ದರು. "ತಮ್ಮಾ, ನಿಮ್ಮಪ್ಪನ ಷೇರು ಇನ್ನೂ ಅವರ ಹೆಸರಿಲೇ ಐತಿ. ಯಶಸ್ವಿನಿ ನೋಂದಣಿ ನಡದೈತಿ, ಬಂದು ನಿನ್ನ ಹೆಸರಿಗೆ ಮಾಡಿಸ್ಕೋ."

ಯಶಸ್ವಿನಿ ಅಂದರೆ ಸಹಕಾರ ಸಂಘದ ಸದಸ್ಯರ ಕುಟುಂಬಕ್ಕಿರುವ ಸರ್ಕಾರದ ಆರೋಗ್ಯ ಯೋಜನೆ. "ಬರ್ತೀನ್ರಿ ಕಾಕಾ" ಅಂದೆ. ಹೋಗಲಿಲ್ಲ.

ಯಾಕೆ ಅಂದರೆ, ಸದಸ್ಯತ್ವ ಮನೆಗೆ ಸೇರಿದ್ದು, ಅಪ್ಪ ಹೋದ ಮೇಲೆ ತಾನಾಗಿ ನಮಗೆ ಬರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಷೇರು ಒಬ್ಬ ವ್ಯಕ್ತಿಯದು. ಅವರು ತೀರಿಕೊಂಡರೆ ನಾಮಿನಿ ಇಲ್ಲವೇ ವಾರಸುದಾರ ಅರ್ಜಿ ಕೊಟ್ಟು ತಾನೇ ಸದಸ್ಯನಾಗಬೇಕು, ಆಡಳಿತ ಮಂಡಳಿಯಲ್ಲಿ ಠರಾವು ಆಗಬೇಕು. ಅಪ್ಪ ನಾಮಿನಿ ಬರೆಸಿರಲಿಲ್ಲ. ಅದಕ್ಕೆ ಕೊನೆಗೆ ನಾನು ಹೋದಾಗ ವಂಶಾವಳಿ ಕೇಳಿದರು, ಪಹಣಿ ಕೇಳಿದರು. ಪಹಣಿಯೂ ಅಪ್ಪನ ಹೆಸರಲ್ಲೇ ಇತ್ತು, ಫೌತಿ (ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಮಾಡಿಸೋದು) ಮಾಡಿಸಿರಲೇ ಇಲ್ಲ. ಒಂದು ಕಾಗದಕ್ಕೆ ಇನ್ನೊಂದು ಅಡ್ಡ. ಇದೆಲ್ಲ ಗೊತ್ತಾಗುವಷ್ಟರಲ್ಲಿ ನೋಂದಣಿ ಮುಗಿದಿತ್ತು. ಅಲಮಾರಿಯಲ್ಲಿ ಅಪ್ಪನ ಕಾಲದ ಯಶಸ್ವಿನಿ ಕಾರ್ಡು ಬೇರೆ ಇತ್ತು, ಅದೊಂದು ಧೈರ್ಯ. 2003ರಲ್ಲಿ ಶುರುವಾದ ಆ ಯೋಜನೆ 2018ರಲ್ಲಿ ನಿಂತು 2022-23ರಲ್ಲಿ ಮತ್ತೆ ಬಂದದ್ದು, ಪ್ರತಿ ವರ್ಷ ಹೊಸದಾಗಿ ದುಡ್ಡು ಕಟ್ಟಬೇಕು ಅನ್ನೋದು ನನ್ನ ತಲೆಗೇ ಹೋಗಿರಲಿಲ್ಲ.

ಆಮೇಲೆ ಅವ್ವನಿಗೆ ಪಿತ್ತಕೋಶದ ಕಲ್ಲು. ರಾಯಚೂರಿನ ಆಸ್ಪತ್ರೆ ಕೌಂಟರ್‌ನಲ್ಲಿ ಆ ಹುಡುಗಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಭಾಳ ಹಳೇದು ಐತ್ರಿ ಅಣ್ಣ, ಈ ವರ್ಷದ್ದು ಕೊಡ್ರಿ" ಅಂದಳು. ನಮ್ಮದು ಎಪಿಎಲ್ ಕಾರ್ಡು, ಆಯುಷ್ಮಾನ್‌ನಲ್ಲಿ ಪೂರ್ತಿ ಖರ್ಚು ಸಿಗುವಂತಿರಲಿಲ್ಲ. ದಲಾಲಿ ಅಂಗಡಿಯಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ತಂದೆ. ಮೇಲೆ ಸುಗ್ಗಿಯ ನೆಲ್ಲು ಅವರ ಅಂಗಡಿಗೇ ಹಾಕಬೇಕು ಅನ್ನೋ ಮಾತು. ರೇಟು ಅವರು ಹೇಳಿದ್ದೇ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ಯಶಸ್ವಿನಿ ವಂತಿಗೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆ 5 ಲಕ್ಷದವರೆಗೆ. ನಾನು ಫ್ರಿಜ್ಜಿನ ಕ್ಯಾಶ್‌ಬ್ಯಾಕ್‌ಗೆ ಬಡಿದಾಡುತ್ತಿದ್ದೆ.

ಆದ್ದರಿಂದ ಇವೆರಡನ್ನೂ ಒಂದೇ ಲೆಕ್ಕದಲ್ಲಿ ಹಿಡಿಯಬೇಡಿ. ಕ್ಯಾಶ್‌ಬ್ಯಾಕ್ ಅನ್ನು ನಾನು ಉಳಿತಾಯ ಅಂತ ಕರೆಯೋದೇ ಇಲ್ಲ, ಖರ್ಚು ಮಾಡಿದರಷ್ಟೇ ಬರೋದು ಅದು. ಹೇಗಿದ್ದರೂ ಕೊಳ್ಳಬೇಕಾದ ಸಾಮಾನಿಗೆ ಸಿಕ್ಕರೆ ತಗೊಳ್ಳಿ. ಸೊಸೈಟಿಯ ಡಿವಿಡೆಂಡ್ ಎಷ್ಟು ಅಂತಲೂ ಕೇಳಿದ್ದೀರಿ. ನಮ್ಮೂರಲ್ಲಿ ಬಂದದ್ದು ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿಯಷ್ಟು, ಅದಕ್ಕಾಗಿ ಸೇರಬೇಡಿ. ಸೇರಬೇಕಾದ್ದು ಯಶಸ್ವಿನಿಗೆ, ಬಡ್ಡಿ ಇಲ್ಲದ ಬೆಳೆಸಾಲಕ್ಕೆ. 2023ರ ರಾಜ್ಯ ಬಜೆಟ್‌ನಲ್ಲಿ ಆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಅಷ್ಟೂ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ, ಹೊಲ ಮತ್ತು ಬೆಳೆ ನೋಡಿ ಕೊಡುತ್ತಾರೆ. ಗಡುವು ತಪ್ಪಿದರೆ ಬಡ್ಡಿ ಬೀಳುತ್ತದೆ.

ಷೇರು ಮಾಡಿಸುವ ದಿನವೇ ನಾಮಿನಿ ಬರೆಸಿ, ರಸೀದಿ ಇಸ್ಕೊಳ್ಳಿ. ನಿಮ್ಮ ತಂದೆಯ ಹೆಸರಲ್ಲಿ ಷೇರು ಇದ್ದರೆ ಅವರಿಂದಲೂ ಬರೆಸಿ, ಅವರು ಗಟ್ಟಿಯಾಗಿರುವಾಗಲೇ.

ಹೆಚ್ಚು ಬಡ್ಡಿ ಕೊಡುವ ಪತ್ತಿನ ಸಂಘದಲ್ಲಿ (ಸದಸ್ಯರಿಂದ ಠೇವಣಿ ತಗೊಂಡು ಸಾಲ ಕೊಡುವ ಸಹಕಾರ ಸಂಘ) ಎಫ್‌ಡಿ ಇಡಲೇ ಅಂದಿರಿ. ನಾನಾದರೆ ಇಡಲ್ಲ. ಠೇವಣಿಗೆ 5 ಲಕ್ಷದವರೆಗಿನ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ) ವಿಮೆ ಇರೋದು ಬ್ಯಾಂಕುಗಳಿಗೆ. ಅದರಲ್ಲಿ ಸಹಕಾರಿ ಬ್ಯಾಂಕುಗಳೂ ಸೇರಿವೆ, ಪತ್ತಿನ ಸಂಘ ಸೇರಿಲ್ಲ. ಊರ ಜನ ಅದನ್ನೂ 'ಬ್ಯಾಂಕು' ಅಂತಲೇ ಕರೀತಾರೆ, ಬೋರ್ಡು ಸರಿಯಾಗಿ ಓದ್ಕೊಳ್ರಿ.