ನಾಟಕಕ್ಕೆ ಹೊರಡುವ ಮುನ್ನ ನೋಟ್‌ಬುಕ್ಕುಗಳನ್ನು ಶಾಲೆಯಲ್ಲೇ ಬಿಡಿ

ಮೇಡಂ, ಆರರಿಂದ ಹತ್ತನೇ ತರಗತಿಯವರೆಗಿನ 120 ಮಕ್ಕಳನ್ನು ಮುಂದಿನ ಭಾನುವಾರ ಮೈಸೂರಿಗೆ ಕರೆದೊಯ್ದು, ಬೆಳಿಗ್ಗೆ ಮೃಗಾಲಯ, ಮಧ್ಯಾಹ್ನ ಚಾಮುಂಡಿ ಬೆಟ್ಟ ಮತ್ತು ಅರಮನೆ, ಸಂಜೆ ಆರೂವರೆಗೆ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ನಾಟಕ ತೋರಿಸುವುದಾಗಿ ಬರೆದಿದ್ದೀರಿ. ಪ್ರತಿ ಮಗುವೂ ನೋಟ್‌ಬುಕ್ಕು ತಂದು ಪಾತ್ರಗಳ ಪಟ್ಟಿ, ಕಥಾಸಾರಾಂಶ ಮತ್ತು ನಾಟಕದ ಸಂದೇಶವನ್ನು ಅಲ್ಲೇ ಕುಳಿತು ಬರೆದುಕೊಳ್ಳಬೇಕು, ಅದಕ್ಕೆ ಎಫ್.ಎ. 3ರ, ಅಂದರೆ ಮೂರನೆಯ ರೂಪಣಾತ್ಮಕ ಮೌಲ್ಯಮಾಪನದ, ಅಂಕ ಕೊಡಲಾಗುವುದು ಎಂದೂ ತಿಳಿಸಿದ್ದೀರಿ. ನೀವು ಕೇಳಿರುವುದು ಬಸ್ಸು ಮತ್ತು ಊಟದ ವಿಷಯ ಮಾತ್ರ. ಆದರೆ ನೋಟ್‌ಬುಕ್ಕಿನ ಮಾತು ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ, ಏಕೆಂದರೆ ಇದೇ ತಪ್ಪನ್ನು ನಾನೂ ಮಾಡಿದ್ದೇನೆ ಮತ್ತು ಅದರ ನೆನಪು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದೆ ನಮ್ಮ ತಾಲ್ಲೂಕು ಕೇಂದ್ರಕ್ಕೆ ಒಂದು ರೆಪರ್ಟರಿ, ಅಂದರೆ ಕಾಯಂ ನಟರಿರುವ ನಾಟಕ ತಂಡ, ಬಂದಿತ್ತು. ಒಂಬತ್ತನೇ ತರಗತಿಯ 84 ಮಕ್ಕಳಿಗೆ ಹನ್ನೆರಡು ಪ್ರಶ್ನೆಗಳಿರುವ ಹಾಳೆಯನ್ನು ಕೊಟ್ಟು ಕೂರಿಸಿದೆ. ದೀಪ ಆರಿದ ಕೂಡಲೇ ಮಕ್ಕಳು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ವೇದಿಕೆಯಿಂದ ಬರುತ್ತಿದ್ದ ಅಷ್ಟಿಷ್ಟು ಬೆಳಕಿನಲ್ಲಿ ಬರೆಯತೊಡಗಿದರು. ಮುಂದಿನ ಸಾಲಿನವರು ಹಿಂದಿನ ಸಾಲಿನವರಿಗೆ ಪಾತ್ರಗಳ ಹೆಸರು ಹೇಳಿಕೊಡುತ್ತಿದ್ದರು. ತಾಯಿಯ ಪಾತ್ರಧಾರಿ ಮಗನ ಹೆಣದ ಮುಂದೆ ಕುಳಿತು ಮಾತೇ ಇಲ್ಲದೆ ತನ್ನ ಸೆರಗನ್ನು ಮಡಿಸುತ್ತಾ ಹೋದ ಒಂದು ದೀರ್ಘ ದೃಶ್ಯವಿತ್ತು. ಆ ಹೊತ್ತಿನಲ್ಲಿ ನನ್ನ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರ ತಲೆಗಳೂ ಕೆಳಗೆ ಬಾಗಿದ್ದವು, ಏಕೆಂದರೆ ಮಾತಿಲ್ಲದ ಆ ಸಮಯವೇ ಬರೆಯಲು ಅನುಕೂಲವಾಗಿತ್ತು.

ನಾಟಕ ಮುಗಿದ ಮೇಲೆ ಆ ನಟಿ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಲೇ ಹೊರಗೆ ಬಂದು, "ಮಕ್ಕಳು ಏನು ಬರೀತಿದ್ರು ಸರ್?" ಎಂದು ಕೇಳಿದರು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಅವರಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಹಾಳೆಗಳನ್ನು ತಿದ್ದಲು ಕುಳಿತಾಗ ಒಬ್ಬ ಜಾಣ ಹುಡುಗಿಯ ಉತ್ತರವೇ ಅಕ್ಷರವ್ಯತ್ಯಾಸವಿಲ್ಲದೆ ಹೆಚ್ಚುಕಡಿಮೆ ಎಲ್ಲ ಹಾಳೆಗಳಲ್ಲೂ ಇತ್ತು. ಒಬ್ಬ ಹುಡುಗ ಮಾತ್ರ ಏನನ್ನೂ ಬರೆದಿರಲಿಲ್ಲ. ಕರೆದು ಕೇಳಿದಾಗ, "ಸತ್ತೋನ ಹೊಟ್ಟೆ ಉಸಿರಾಡ್ತಿತ್ತು ಸರ್, ಆಯಮ್ಮ ಅದು ಕಾಣದಂಗೆ ಸೆರಗು ಹಾಸಿ ಮುಚ್ಚುದ್ರು" ಎಂದ. ಒಬ್ಬ ನಟಿ ಸಹನಟನನ್ನು ಕಾಪಾಡಿದ ಕ್ಷಣವನ್ನು, ಅದೂ ಪಾತ್ರವನ್ನು ಬಿಡದೆ ಕಾಪಾಡಿದ ಕ್ಷಣವನ್ನು, ಆ ಇಡೀ ಸಭಾಂಗಣದಲ್ಲಿ ಕಂಡವನು ಬಹುಶಃ ಅವನೊಬ್ಬನೇ. ಅವನಿಗೆ ನಾನು ಸೊನ್ನೆ ಹಾಕಿದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಎಫ್.ಎ. ಅಂಕ ಕೊಡಲೇಬೇಕೆಂದಿದ್ದರೆ ಮರುದಿನ ತರಗತಿಯಲ್ಲಿ ಕೊಡಿ. ನೆನಪಿನಲ್ಲಿ ಉಳಿದ ಒಂದು ನಿಮಿಷದ ದೃಶ್ಯವನ್ನು ನಾಲ್ಕೈದು ಮಕ್ಕಳ ಗುಂಪು ಅಭಿನಯಿಸಿ ತೋರಿಸಲಿ, ಅಥವಾ ಒಂದು ರಂಗಗೀತೆಯ ಸಾಲನ್ನು ಹಾಡಲಿ. ಸಂದೇಶವೇನು ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಬಿದ್ದ ಕೂಡಲೇ ಮಕ್ಕಳು ಕಂಡದ್ದನ್ನೆಲ್ಲ ಬದಿಗಿಟ್ಟು, ಮೇಷ್ಟ್ರಿಗೆ ಬೇಕಾದ ಉತ್ತರವನ್ನು ಹುಡುಕಲು ಹೊರಡುತ್ತಾರೆ. ಏನು ಕಂಡಿರಿ, ಏನು ಕೇಳಿಸಿತು, ಎಲ್ಲಿ ಬೇಸರವಾಯಿತು ಎಂಬ ಮೂರು ಪ್ರಶ್ನೆಗಳು ಸಾಕು. ಬೇಸರವಾಯಿತು ಎಂದು ಹೇಳಿದ ಮಗುವನ್ನು ಗದರಿಸಬಾರದು, ಏಕೆ ಬೇಸರವಾಯಿತೆಂದು ಕೇಳಿದರೆ ಹಲವೊಮ್ಮೆ ಅತ್ಯಂತ ಸೂಕ್ಷ್ಮವಾದ ವಿಮರ್ಶೆ ಅಲ್ಲಿಂದಲೇ ಬರುತ್ತದೆ.

ಇನ್ನು ನಾನು ಆ ಬಳಿಕ ರೂಢಿಸಿಕೊಂಡ ಕತ್ತಲೆಯ ಅಭ್ಯಾಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದೊಂದನ್ನು ಮಾಡಿದರೆ ಉಳಿದ ಅರ್ಧ ಶಿಸ್ತು ತಾನಾಗಿಯೇ ಬರುತ್ತದೆ. ನಾಟಕ ಶುರುವಾಗುವ ಮುನ್ನ ಬಾರಿಸುವ ಮೂರನೇ ಬೆಲ್ ಆಗಿ ದೀಪ ಆರಿದ ತಕ್ಷಣ ಮಕ್ಕಳು "ಹೋ" ಎಂದು ಕೂಗುವುದನ್ನು ಶಾಲಾ ಮಕ್ಕಳನ್ನು ಕರೆದೊಯ್ದವರೆಲ್ಲರೂ ಕೇಳಿದ್ದೀರಿ. ಅದು ಪುಂಡಾಟವಲ್ಲ. ಕರೆಂಟು ಹೋದಾಗ ಊರಿನ ಮಕ್ಕಳೆಲ್ಲರೂ ಹಾಗೆಯೇ ಕೂಗುತ್ತಾರೆ, ಇಲ್ಲೂ ಅದನ್ನೇ ಮಾಡುತ್ತಾರೆ, ಅಷ್ಟೇ. ಆದರೆ ಆ ಕೂಗಿನಿಂದ ಮೊದಲ ದೃಶ್ಯ ಹಾಳಾಗುತ್ತದೆ, ಆಮೇಲೆ ಶಿಕ್ಷಕರ "ಶ್... ಶ್..." ಎಂಬ ಸದ್ದಿನಿಂದ ಎರಡನೆಯ ದೃಶ್ಯವೂ ಹಾಳಾಗುತ್ತದೆ.

ಆದ್ದರಿಂದ ಹೊರಡುವ ಮೂರು ನಾಲ್ಕು ದಿನಗಳ ಮುಂಚೆ ಶಾಲೆಯ ದೊಡ್ಡ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಮಕ್ಕಳನ್ನು ನೆಲದ ಮೇಲೆ ಸಾಲಾಗಿ ಕೂರಿಸಿ. ಶಾಲೆಯ ಗಂಟೆಯನ್ನೇ ಮೂರು ಸಲ, ನಡುವೆ ಒಂದೊಂದು ನಿಮಿಷ ಬಿಟ್ಟು, ಬಾರಿಸಿ. ಮೂರನೆಯದಕ್ಕೆ ದೀಪ ಆರಿಸಿ. ಮೊದಲ ಸಲ ಕೂಗುತ್ತಾರೆ, ಕೂಗಲಿ, ಏನನ್ನೂ ಹೇಳಬೇಡಿ. ಎರಡನೆಯ ಸಲ ಕಿಸಕಿಸ ನಗುತ್ತಾರೆ. ನಾಲ್ಕನೆಯ ಸಲದ ಹೊತ್ತಿಗೆ ಪಕ್ಕದವನ ಉಸಿರು ಕೇಳಿಸುವಷ್ಟು ನಿಶ್ಶಬ್ದವಾಗುತ್ತದೆ. ಆಗ ಒಂದೇ ಒಂದು ಟಾರ್ಚನ್ನು ಖಾಲಿ ಬೆಂಚಿನ ಮೇಲೆ ಬಿಟ್ಟು ಒಂದು ನಿಮಿಷ ಹಾಗೆಯೇ ಹಿಡಿಯಿರಿ. ಅನಂತರ ಏನು ಕಂಡಿತು ಎಂದು ಕೇಳಿದರೆ ಬೆಂಚಿನ ಮೇಲೆ ಯಾರೋ ಕೆತ್ತಿದ ಹೆಸರು, ಅದರ ಕಾಲಿಗೆ ಕಟ್ಟಿದ ಜೇಡರ ಬಲೆ, ಗೋಡೆಯ ಮೇಲೆ ಬಿದ್ದ ದೊಡ್ಡ ನೆರಳು ಎಲ್ಲವನ್ನೂ ಹೇಳುತ್ತಾರೆ. ದಿನವೂ ಕೂರುವ ಬೆಂಚನ್ನು ಅವರು ಅವತ್ತೇ ಮೊದಲ ಸಲ ನೋಡಿರುತ್ತಾರೆ.

ಇದರ ಎರಡನೆಯ ಭಾಗ ಇನ್ನೂ ಮುಖ್ಯವಾದದ್ದು. ಒಂದು ಮಗುವನ್ನು ಆ ಬೆಳಕಿನಲ್ಲಿ ನಿಲ್ಲಿಸಿ ಒಂದು ಪದ್ಯ ಹೇಳಲು ತಿಳಿಸಿ. ಮೊದಲು ಎಲ್ಲರೂ ಗಮನವಿಟ್ಟು ಕೇಳಲಿ, ಅನಂತರ ಅದೇ ಪದ್ಯವನ್ನು ಹೇಳುವಾಗ ಉಳಿದವರು ಪಿಸುಗುಟ್ಟಲಿ, ಹಿಂದೆ ತಿರುಗಲಿ, ಒಂದು ಪೊಟ್ಟಣವನ್ನು ಬಿಚ್ಚಲಿ. ನಿಂತ ಮಗುವಿಗೆ ಹೇಗನ್ನಿಸಿತು ಎಂಬುದನ್ನು ಅದರ ಬಾಯಿಂದಲೇ ಕೇಳಿಸಿ. ಸಿನಿಮಾದ ಪರದೆ ನಮ್ಮನ್ನು ನೋಡುವುದಿಲ್ಲ, ನಟರಿಗೆ ಮಾತ್ರ ನಾವು ಕೇಳಿಸುತ್ತೇವೆ, ಮುಂದಿನ ಸಾಲುಗಳಲ್ಲಿದ್ದರೆ ಕಾಣಿಸುತ್ತೇವೆ ಕೂಡ. ಇದನ್ನು ಮಕ್ಕಳು ಒಮ್ಮೆ ಅನುಭವಿಸಿ ತಿಳಿದರೆ ಮತ್ತೆ ಉಪದೇಶದ ಅಗತ್ಯವಿರುವುದಿಲ್ಲ.

ಕೆಲವು ಎಚ್ಚರಿಕೆಗಳೂ ಇವೆ. ಕತ್ತಲೆಗೆ ನಿಜವಾಗಿ ಹೆದರುವ ಮಗು ಇದ್ದೇ ಇರುತ್ತದೆ. ಅಭ್ಯಾಸದಲ್ಲಿಯೇ ಅದು ಯಾರೆಂದು ಗೊತ್ತಾಗುವುದರಿಂದ, ರಂಗಮಂದಿರದಲ್ಲಿ ಅದನ್ನು ಬಾಗಿಲ ಹತ್ತಿರ ಶಿಕ್ಷಕಿಯ ಪಕ್ಕದಲ್ಲಿ ಕೂರಿಸಬಹುದು. ವೇದಿಕೆಯಲ್ಲಿ ಹೊಗೆ ಬಿಡುತ್ತಾರೆಯೇ, ಮಿಂಚಿನಂತೆ ಪಟಪಟನೆ ಮಿನುಗುವ ಬೆಳಕು ಇದೆಯೇ ಎಂದು ತಂಡದವರನ್ನು ಮುಂಚೆಯೇ ಕೇಳಿ. ಉಬ್ಬಸ ಅಥವಾ ಮೂರ್ಛೆರೋಗ ಇರುವ ಮಕ್ಕಳ ಪೋಷಕರಿಗೆ ಅದನ್ನು ತಿಳಿಸಿಯೇ ಒಪ್ಪಿಗೆ ಪತ್ರ ಪಡೆಯಬೇಕು. ಗಾಲಿಕುರ್ಚಿಯ ಮಗುವಿದ್ದರೆ ಎಲ್ಲಿಂದ ಒಳಗೆ ಹೋಗಬೇಕೆಂಬುದನ್ನು ಹಿಂದಿನ ದಿನವೇ ವಿಚಾರಿಸಿ, ಬಾಗಿಲಲ್ಲಿ ನಿಂತು ವಿಚಾರಿಸಬೇಡಿ.

ಮೃಗಾಲಯ, ಬೆಟ್ಟ, ಅರಮನೆ, ನಾಟಕ ನಾಲ್ಕನ್ನೂ ಒಂದೇ ದಿನಕ್ಕೆ ತುಂಬಿಸಿರುವುದನ್ನು ನಾನು ಒಪ್ಪುವುದಿಲ್ಲ. ಮೃಗಾಲಯವನ್ನು ಸುತ್ತಿ ಬಂದ ಮಕ್ಕಳ ಕಾಲುಗಳಲ್ಲಿ ಆಮೇಲೆ ಶಕ್ತಿ ಉಳಿದಿರುವುದಿಲ್ಲ, ತಂಪಾದ ಕತ್ತಲೆಯಲ್ಲಿ ಕೂತ ಹತ್ತು ನಿಮಿಷಕ್ಕೆ ನಿದ್ದೆ ಬರುತ್ತದೆ. ಅದು ಅವರ ತಪ್ಪಲ್ಲ. ಮೇಲಾಗಿ ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪಗಳು ಬೆಳಗುತ್ತವೆ, ಅದೇ ಹೊತ್ತಿಗೆ ನಿಮ್ಮ ಮಕ್ಕಳು ನಾಟಕದಲ್ಲಿ ಕುಳಿತಿರುತ್ತಾರೆ. ದೀಪ ನೋಡಬೇಕೆಂಬ ಆಸೆಯನ್ನು ಬಸ್ಸಿನಲ್ಲೇ ಯಾರಾದರೂ ಹುಟ್ಟಿಸಿದ್ದರೆ ನಾಟಕದುದ್ದಕ್ಕೂ ಅವರ ಮನಸ್ಸು ಹೊರಗೇ ಇರುತ್ತದೆ. ಅರಮನೆಯೊಂದನ್ನು ಇಟ್ಟುಕೊಂಡು ಉಳಿದೆರಡನ್ನು ಬಿಡಿ. ಮಧ್ಯಾಹ್ನ ಎಲ್ಲಾದರೂ ಮರದ ನೆರಳಿನಲ್ಲಿ ಒಂದು ಗಂಟೆ ಮಕ್ಕಳು ಸುಮ್ಮನೆ ಕೂರಲಿ, ಮಲಗಲಿ. ಆರನೇ ತರಗತಿಯವರನ್ನು ಈ ಸಲ ಬಿಟ್ಟು, ಅವರಿಗೆಂದೇ ಒಂದು ಮಕ್ಕಳ ನಾಟಕವನ್ನು ಬೇರೆ ದಿನ ತೋರಿಸಿದರೆ ಇನ್ನೂ ಒಳ್ಳೆಯದು.

ಶೌಚಾಲಯದ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಅರವತ್ತು ಹುಡುಗಿಯರಿಗೆ ನಾಲ್ಕು ಶೌಚಾಲಯಗಳಿದ್ದು, ಒಬ್ಬೊಬ್ಬರಿಗೆ ಎರಡು ನಿಮಿಷ ಹಿಡಿದರೂ ಅರ್ಧ ಗಂಟೆ ಬೇಕು. ಆದ್ದರಿಂದ ಮುಕ್ಕಾಲು ಗಂಟೆ ಮುಂಚೆ ತಲುಪಲೇಬೇಕು. ಮುಂದೆ ಯಾವಾಗಲಾದರೂ ಬೆಂಗಳೂರಿನ ರಂಗಶಂಕರಕ್ಕೆ ಹೋಗುವುದಾದರೆ ಇದು ಇನ್ನೂ ಮುಖ್ಯ. 2004ರಲ್ಲಿ ಆರಂಭವಾದ ಆ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಟ್ರಾಫಿಕ್ಕಿನ ಕಾರಣ ಹೇಳಿದರೂ, ಶಾಲೆಯ ಮಕ್ಕಳು ಎಂದರೂ ನಿಯಮ ಬದಲಾಗುವುದಿಲ್ಲ, ಬದಲಾಗಲೂಬಾರದು.

ಬಸ್ಸಿನ ವಿಷಯಕ್ಕೆ ಬಂದರೆ, ನನ್ನ ಅನುಭವದಲ್ಲಿ ಕೆ.ಎಸ್.ಆರ್.ಟಿ.ಸಿ. ಬಸ್ಸನ್ನು ಒಪ್ಪಂದದ ಮೇಲೆ ಪಡೆಯುವುದೇ ಉತ್ತಮ. ದುಡ್ಡು ಸ್ವಲ್ಪ ಹೆಚ್ಚಾದರೂ ರಾತ್ರಿಯ ವಾಪಸು ಪ್ರಯಾಣಕ್ಕೆ ಅದೇ ಧೈರ್ಯ. ಮಧ್ಯಾಹ್ನದ ಊಟಕ್ಕೆ ಚಿತ್ರಾನ್ನ, ಮೊಸರನ್ನ ಕಟ್ಟಿಸಿಕೊಂಡು ಹೋಗಿ. ಐದೂವರೆಗೆ ಬಾಳೆಹಣ್ಣು ಮತ್ತು ಪಾರ್ಲೆ-ಜಿ ಕೊಟ್ಟರೆ ನಾಟಕ ಮುಗಿಯುವವರೆಗೆ ಹೊಟ್ಟೆ ತಡೆಯುತ್ತದೆ. ಚಿಪ್ಸ್, ಕುರ್‌ಕುರೆ ಮಾದರಿಯ ಪೊಟ್ಟಣಗಳು ಬ್ಯಾಗಿನಲ್ಲೂ ಇರಬಾರದು, ಏಕೆಂದರೆ ಅವನ್ನು ಸದ್ದಿಲ್ಲದೆ ಬಿಚ್ಚುವ ಉಪಾಯ ಯಾರಿಗೂ ತಿಳಿದಿಲ್ಲ. ಸ್ಟೀಲ್ ನೀರಿನ ಬಾಟಲಿಯನ್ನು ಬಸ್ಸಿನಲ್ಲೇ ಬಿಡಿಸಿ. ಇಳಿಜಾರಿನ ಮೆಟ್ಟಿಲುಗಳಲ್ಲಿ ಅದು ಒಮ್ಮೆ ಬಿದ್ದರೆ ಟಣ್ ಟಣ್ ಎನ್ನುತ್ತಾ ವೇದಿಕೆಯ ಬುಡದವರೆಗೂ ಉರುಳುತ್ತದೆ, ಆ ಹೊತ್ತಿನಲ್ಲಿ ಒಳ್ಳೆಯ ನಟನೂ ಮಾತು ನಿಲ್ಲಿಸಬೇಕಾಗುತ್ತದೆ. ಗಂಟೆಗೊಮ್ಮೆ ಸದ್ದು ಮಾಡುವ ಕೈಗಡಿಯಾರ, ನಡೆದರೆ ಕೆಂಪು ನೀಲಿ ಬೆಳಕು ಬರುವ ಶೂ ಇವೂ ಬೇಡ.

ಒಳಗೆ ಶಿಕ್ಷಕರೆಲ್ಲರೂ ಮೊದಲ ಸಾಲಿನಲ್ಲಿ ಒಟ್ಟಿಗೆ ಕೂರಬಾರದು. ಪ್ರತಿ ಎರಡು ಸಾಲಿಗೆ ಒಬ್ಬರಂತೆ ನಡುದಾರಿಯ ತುದಿಯಲ್ಲಿ ಕುಳಿತರೆ, ಮಾತನಾಡುವ ಮಗುವಿನ ಭುಜದ ಮೇಲೆ ಕೈಯಿಡುವುದರಲ್ಲೇ ಕೆಲಸ ಮುಗಿಯುತ್ತದೆ. ಈ ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ: ಮಕ್ಕಳಿಗಿಂತ ಹೆಚ್ಚು ತೊಂದರೆ ಕೊಡುವವರು ನಾವೇ. ಕತ್ತಲೆಯಲ್ಲಿ ಮೊಬೈಲ್ ತೆರೆದು ಮುಖ್ಯ ಶಿಕ್ಷಕರಿಗೆ ಫೋಟೊ ಕಳಿಸುವವರು, ಗುಂಪಿಗೆ ಹಾಕಲೆಂದು ವಿಡಿಯೊ ಮಾಡುವವರು, ಅರ್ಧ ನಾಟಕದಲ್ಲಿ ಎದ್ದು ಊಟದ ವ್ಯವಸ್ಥೆ ನೋಡಲು ಹೋಗುವವರು ಶಿಕ್ಷಕರೇ ಆಗಿರುತ್ತಾರೆ. ಫೋಟೊ ಬೇಕಿದ್ದರೆ ನಾಟಕ ಮುಗಿದ ಮೇಲೆ ತಂಡದವರ ಅನುಮತಿ ಪಡೆದು ತೆಗೆಯಿರಿ. ಹಾಗೆಂದು ಮಕ್ಕಳನ್ನು ಬೊಂಬೆಗಳಂತೆ ಕೂರಿಸುವುದೂ ತಪ್ಪು. ನಗು ಬಂದರೆ ಅವರು ಗಟ್ಟಿಯಾಗಿ ನಗಲಿ, ಮೇಳದ ಹಾಡಿಗೆ ತಾಳ ಹಾಕಲಿ. ನಟರಿಗೆ ಬೇಕಾದದ್ದೂ ಅದೇ.

ಕಥೆಯನ್ನು ಮುಂಚೆಯೇ ಪೂರ್ತಿ ಹೇಳಿಬಿಡಬೇಡಿ. ಐತಿಹಾಸಿಕ ನಾಟಕವಾದರೆ ಹಿನ್ನೆಲೆ ಹೇಳಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದ ನಾಟಕವಿದ್ದರೆ ಬಿಜ್ಜಳ ಯಾರು, ಶರಣರು ಏನನ್ನು ಪ್ರಶ್ನಿಸಿದರು ಎಂಬಷ್ಟು ತಿಳಿದಿರಲಿ. ಅಲ್ಲಿಗೆ ನಿಲ್ಲಿಸಿ. ನಾಟಕ ಆಯ್ಕೆ ಮಾಡುವಾಗ ಅವಧಿಯನ್ನು ಮತ್ತು ಯಾವ ವಯಸ್ಸಿಗೆ ಹೊಂದುತ್ತದೆಂಬುದನ್ನು ತಂಡದವರಿಂದಲೇ ಕೇಳಿ ತಿಳಿಯಿರಿ, ಸಾಧ್ಯವಾದರೆ ಒಬ್ಬರು ಮೊದಲೇ ನೋಡಿ ಬನ್ನಿ. ಜಾತ್ರೆಗಳಲ್ಲಿ ಕ್ಯಾಂಪ್ ಹಾಕುವ ವೃತ್ತಿ ಕಂಪನಿಗಳ ನಾಟಕಕ್ಕಂತೂ ನೋಡದೆ ಕರೆದೊಯ್ಯಲೇಬೇಡಿ. ಗುಬ್ಬಿ ಕಂಪನಿಯ ಪರಂಪರೆಯ ಬಗ್ಗೆ ನನಗೆ ಅಪಾರ ಗೌರವವಿದೆ. ರಂಗಾಯಣವನ್ನು 1989ರಲ್ಲಿ ಕಟ್ಟಿದ ಬಿ.ವಿ. ಕಾರಂತರೇ ಬಾಲಕನಾಗಿದ್ದಾಗ ಮನೆ ಬಿಟ್ಟು ಹೋಗಿ ಸೇರಿದ್ದು ಆ ಕಂಪನಿಯನ್ನು. ಆದರೆ ಈಗಿನ ಕೆಲವು ಕಂಪನಿ ನಾಟಕಗಳಲ್ಲಿ ಹಾಸ್ಯವೆಂದರೆ ದ್ವಂದ್ವಾರ್ಥವೇ ಆಗಿಹೋಗಿದೆ.

ಪಾಸು ಕೇಳುವ ಅಭ್ಯಾಸವನ್ನೂ ಬಿಡೋಣ. ಶಾಲೆಗೆ ರಿಯಾಯಿತಿ ಕೇಳುವುದರಲ್ಲಿ ತಪ್ಪಿಲ್ಲ, ಪೂರ್ತಿ ಉಚಿತವಾಗಿ ಕೇಳುವುದು ತಪ್ಪು. ನಟರಿಗೂ ಮನೆಯಿದೆ. ಕೊಡಲಾಗದ ಮಕ್ಕಳ ಪಾಲನ್ನು ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ)ಯವರು ಅಥವಾ ಹಳೆಯ ವಿದ್ಯಾರ್ಥಿಗಳು ಸಂತೋಷದಿಂದಲೇ ಕೊಡುತ್ತಾರೆ, ನಾವು ಕೇಳಬೇಕಷ್ಟೇ. ಪ್ರಯಾಣವೇ ದೊಡ್ಡ ಖರ್ಚಾಗುವ ಶಾಲೆಗಳವರು, ಹೆಗ್ಗೋಡಿನ ನೀನಾಸಂ 1985ರಿಂದ ನಡೆಸಿಕೊಂಡು ಬಂದಿರುವ ತಿರುಗಾಟವನ್ನೋ, ಸಾಣೇಹಳ್ಳಿಯ ಶಿವಸಂಚಾರವನ್ನೋ, ಹೀಗೆ ಊರೂರು ಸುತ್ತಿ ನಾಟಕ ಆಡುವ ತಂಡವೊಂದನ್ನು ತಮ್ಮ ತಾಲ್ಲೂಕಿಗೇ ಕರೆಸಬಹುದು. ಮೂರು ನಾಲ್ಕು ಶಾಲೆಗಳು ಸೇರಿದರೆ ಒಂದು ಪ್ರದರ್ಶನದ ವೆಚ್ಚ ಭಾರವಾಗುವುದಿಲ್ಲ. ತಂಡದವರು ರಂಗಸಜ್ಜಿಕೆಯನ್ನು ಇಳಿಸಿ, ದೀಪಗಳನ್ನು ಕಟ್ಟುವುದನ್ನು ಮಧ್ಯಾಹ್ನವೇ ಮಕ್ಕಳಿಗೆ ದೂರದಿಂದ ತೋರಿಸಿ, ನಾಟಕಕ್ಕಿಂತ ಅದನ್ನೇ ಹೆಚ್ಚು ನೆನಪಿಟ್ಟುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ.

ನಿಮಗೆ ಇನ್ನೂ ಎಂಟು ದಿನಗಳಿವೆ. ಬುಧವಾರ ಒಂದು ಅವಧಿಯನ್ನು ಕತ್ತಲೆಯ ಅಭ್ಯಾಸಕ್ಕೆ ಬಿಡಿಸಿಕೊಳ್ಳಿ. ಕಿಟಕಿಗಳಿಗೆ ಕಪ್ಪು ಬಟ್ಟೆ ಸಿಗದಿದ್ದರೆ ಶಾಲೆಯ ಜಮಖಾನಗಳನ್ನೇ ಮಡಿಸಿ ಮೊಳೆಗೆ ಕಟ್ಟಿ, ಬಾಗಿಲ ಸಂದಿಗೆ ಒಂದು ಗೋಣಿಚೀಲ ಒತ್ತಿದರೆ ಹಗಲು ಹನ್ನೊಂದಕ್ಕೂ ಸಾಕಷ್ಟು ಕತ್ತಲೆಯಾಗುತ್ತದೆ.