ಸಿಯೆನಾದ ಪಾನ್‌ಫೋರ್ಟೆ

ಪ್ರಶ್ನೆ: ಇಟಲಿಯಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗ ‘ಪಾನ್‌ಫೋರ್ಟೆ’ ಎಂಬ ಹಣ್ಣಿನ ಕೇಕ್ ತಂದುಕೊಟ್ಟಿದ್ದಾನೆ. ಅದು ಉಬ್ಬಿಲ್ಲ, ಶಹಾಬಾದಿ ಕಲ್ಲಿನಂತೆ ಚಪ್ಪಟೆಯಾಗಿ ಗಟ್ಟಿಯಾಗಿದೆ. ಮೇಲೆಲ್ಲ ಸಕ್ಕರೆ ಪುಡಿ, ಅಡಿಯಲ್ಲಿ ತೆಳುವಾದ ಬಿಳಿ ಕಾಗದ ಅಂಟಿಕೊಂಡಿದೆ. ಕೇಕ್ ಕೆಟ್ಟಿದೆಯೇ? ಮೊಟ್ಟೆ ತಿನ್ನದ ನಮ್ಮ ಅತ್ತೆಯವರಿಗೆ ಕೊಡಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಕೆಟ್ಟಿಲ್ಲ, ಅದು ಇರಬೇಕಾದದ್ದೇ ಹಾಗೆ. ಬೇಕರಿಯ ಮೆತ್ತನೆಯ ಕೇಕನ್ನು ಮರೆತು ನಮ್ಮ ಕರದಂಟನ್ನು ನೆನೆಸಿಕೊಂಡರೆ ಪಾನ್‌ಫೋರ್ಟೆಯ ಗುಣ ಬೇಗ ತಿಳಿಯುತ್ತದೆ. ಜೇನುತುಪ್ಪ ಮತ್ತು ಸಕ್ಕರೆಯನ್ನು ನೀರಿಗೆ ಬಿಟ್ಟರೆ ಉಂಡೆಗಟ್ಟುವ ಹದಕ್ಕೆ ಪಾಕ ಮಾಡಿ, ಅದು ಬಿಸಿಯಿರುವಾಗಲೇ ಇಡೀ ಬಾದಾಮಿ, ಸಕ್ಕರೆಯಲ್ಲಿ ಪಾಕವಿಟ್ಟ ಮಾದಲ ಮತ್ತು ಕಿತ್ತಳೆಯ ಸಿಪ್ಪೆ, ಸ್ವಲ್ಪ ಮೈದಾ, ದಾಲ್ಚಿನ್ನಿ, ಜಾಜಿಕಾಯಿ, ಕೊತ್ತಂಬರಿ ಕಾಳಿನ ಪುಡಿಗಳನ್ನು ಕಲಸಿ, ತಟ್ಟಿ, ಓವನ್ನಿನಲ್ಲಿ ಬೇಯಿಸುತ್ತಾರೆ. ಉಬ್ಬಿಸುವ ಪದಾರ್ಥವನ್ನೇ ಹಾಕುವುದಿಲ್ಲ. ಸಾಂಪ್ರದಾಯಿಕ ಕ್ರಮದಲ್ಲಿ ಮೊಟ್ಟೆಯಾಗಲಿ ಬೆಣ್ಣೆಯಾಗಲಿ ಇಲ್ಲ. ಆದರೂ ಅತ್ತೆಯವರ ಸಮಾಧಾನಕ್ಕಾಗಿ, ಡಬ್ಬಿಯ ಮೇಲಿನ ಪಟ್ಟಿಯಲ್ಲಿ ‘ಉವೋವಾ’, ಅಂದರೆ ಮೊಟ್ಟೆ, ಎಂಬ ಪದವಿಲ್ಲವೆಂದು ನಿಮ್ಮ ಅಕ್ಕನ ಮಗನಿಂದ ಓದಿಸಿಕೊಳ್ಳಿ.

ಇದರ ತವರು ಟಸ್ಕನಿ ಪ್ರಾಂತ್ಯದ ಸಿಯೆನಾ ನಗರ. ಮಧ್ಯಯುಗದಲ್ಲಿ ಅಲ್ಲಿ ಮಸಾಲೆ ಪದಾರ್ಥಗಳನ್ನು ಮಾರುತ್ತಿದ್ದವರು ಔಷಧಿ ವ್ಯಾಪಾರಿಗಳು. ಮಠಗಳ ಜೊತೆಗೆ ಅವರೂ ಈ ತಿನಿಸನ್ನು ಮಾಡುತ್ತಿದ್ದರು. ಇದರ ಹಳೆಯ ರೂಪದ ಹೆಸರಾದ ‘ಪಾನ್‌ಪೆಪಾತೊ’ಗೆ ಕಾಳುಮೆಣಸಿನ ರೊಟ್ಟಿ ಎಂದೇ ಅರ್ಥ. ಆ ಮೆಣಸು ನಮ್ಮ ಮಲಬಾರ್ ತೀರದಿಂದ ಹೊರಟು, ಅರಬ್ಬರ ಹಡಗುಗಳನ್ನೂ ವೆನಿಸ್ಸಿನ ವರ್ತಕರ ಕೈಗಳನ್ನೂ ದಾಟಿ ಅಲ್ಲಿಗೆ ತಲುಪುತ್ತಿತ್ತೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ನಿಮ್ಮಲ್ಲಿರುವುದು, ಸಕ್ಕರೆ ಪುಡಿಯನ್ನು ನೋಡಿದರೆ, ‘ಮಾರ್ಗರೀಟಾ’ ಬಗೆಯದು. 1879ರಲ್ಲಿ ಇಟಲಿಯ ರಾಣಿ ಮಾರ್ಗರೀಟಾ ಸಿಯೆನಾಕ್ಕೆ ಬಂದಾಗ, ಖಾರ ತಗ್ಗಿಸಿ, ಮೇಲೆ ಬಿಳಿ ಸಕ್ಕರೆ ಉದುರಿಸಿ ಮಾಡಿದ್ದು ಅದು. ನಮ್ಮ ಕಲಬುರಗಿ ತೊಗರಿಬೇಳೆಗಿರುವಂತೆ ಇದಕ್ಕೂ ಊರಿನ ಹೆಸರಿನ ರಕ್ಷಣೆಯಿದ್ದು, 2013ರಲ್ಲಿ ಐರೋಪ್ಯ ಒಕ್ಕೂಟ ಅದನ್ನು ನೀಡಿತು.

ಅಡಿಯಲ್ಲಿರುವುದು ಪಾಕ ತಟ್ಟೆಗೆ ಅಂಟದಿರಲೆಂದು ಹಾಸುವ, ಪಿಷ್ಟದಿಂದ ಮಾಡಿದ ಹಾಳೆ. ಇಟಲಿಯಲ್ಲಿ ಅದಕ್ಕೆ ‘ಓಸ್ತಿಯಾ’ ಎನ್ನುತ್ತಾರೆ. ಅದನ್ನು ಕೀಳಲು ಹೋಗಬೇಡಿ, ಬಾದಾಮಿಯೂ ಕಿತ್ತು ಬರುತ್ತದೆ; ಹಾಳೆಯ ಸಮೇತ ತಿನ್ನಬಹುದು. ಭಾರವಾದ ಚಾಕುವಿನಿಂದ ಬೆರಳಗಲದ ಹೋಳುಗಳನ್ನು ಮಾಡಿ, ಒಬ್ಬರಿಗೆ ಒಂದರಂತೆ ಚಹದ ಜೊತೆ ಕೊಡಿ. ಉಳಿದದ್ದನ್ನು ಗಾಳಿಯಾಡದ ಒಣ ಡಬ್ಬಿಯಲ್ಲಿಡಿ. ಫ್ರಿಜ್ಜಿನ ತೇವಕ್ಕೆ ಜೇನು ಜಿಗುಟಾಗುತ್ತದೆ.