ಚೆಚೆನ್ಯಾ ರಷ್ಯಾದ್ದೇ ಆದರೆ, ಸತ್ತವರು ಯಾರು?

ಅರಸೀಕೆರೆಯ ಓದುಗರೊಬ್ಬರು, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಉದ್ದದ ಪತ್ರ ಬರೆದಿದ್ದಾರೆ. ರಷ್ಯಾದ ದಕ್ಷಿಣ ತುದಿಯ, ಬೇರೆ ದೇಶವಾಗಲು ಹೊರಟು ಎರಡು ಯುದ್ಧ ಕಂಡ ಚೆಚೆನ್ಯಾ ಗಣರಾಜ್ಯದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಸುತರಾಂ ಹಿಡಿಸಿಲ್ಲ. ಸಾರಾಂಶ ಇಷ್ಟು: ‘2004ರಲ್ಲಿ ರಷ್ಯಾದ ಬೆಸ್ಲಾನ್‌ನಲ್ಲಿ ಶಾಲೆಯ ಮಕ್ಕಳನ್ನು ಕೊಂದವರದ್ದು ಸ್ವಾತಂತ್ರ್ಯ ಹೋರಾಟವೇ? ನಾಳೆ ನಮ್ಮ ದೇಶದ ಒಂದು ಮೂಲೆ ಬೇರೆ ಹೋಗುತ್ತೇನೆ ಅಂದರೆ ಅದಕ್ಕೂ ಜೈ ಅನ್ನುತ್ತೀರಾ? ರಾಜಧಾನಿ ಗ್ರೋಜ್ನಿ ಈಗ ಫಳಫಳ ಹೊಳೆಯುತ್ತಿದೆ. ಮುಗಿದ ಕಥೆ ಕೆದಕಿ ಕನ್ನಡಿಗರಿಗೆ ಆಗಬೇಕಾದ್ದೇನು?’

ಸಂಪಾದಕರ ಉತ್ತರ:

ಮೇಷ್ಟ್ರೇ, ದುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ. ನಿಮ್ಮ ಕೈಯಲ್ಲಿ ಕಲಿತ ಹುಡುಗರು ಪುಣ್ಯವಂತರು. ಅದಕ್ಕೇ ನಿಮ್ಮ ಮೇಲೆ ಸ್ವಲ್ಪ ಸಿಟ್ಟೂ ಬಂತು. ಇತಿಹಾಸದ ಮೇಷ್ಟ್ರು ಕಥೆಯನ್ನು 2004ರಿಂದ ಶುರು ಮಾಡಿದರೆ ಹೇಗೆ?

ಬೆಸ್ಲಾನ್ ವಿಷಯದಲ್ಲಿ ನನ್ನದು ಎರಡು ಮಾತಿಲ್ಲ. ಶಾಲೆ ತೆರೆಯುವ ಮೊದಲ ದಿನ ಹೂ ಹಿಡಿದು ಬಂದಿದ್ದ ಮಕ್ಕಳು. 334 ಸಾವು, ಅದರಲ್ಲಿ 186 ಮಕ್ಕಳೇ. ಅದನ್ನು ಮಾಡಿಸಿದ ಚೆಚೆನ್ ಬಂಡುಕೋರ ನಾಯಕ ಬಸಾಯೆವ್‌ಗೆ ಯಾವ ಸಮರ್ಥನೆಯೂ ಇಲ್ಲ. ಮೊದಲ ಯುದ್ಧ ಮುಗಿದು ರಷ್ಯಾದ ಸೈನ್ಯ ಹಿಂದೆ ಸರಿದ 1996ರ ನಂತರದ ಮೂರು ವರ್ಷ ಕೈಗೆ ಸಿಕ್ಕಿದ್ದ ಸ್ವಾತಂತ್ರ್ಯವನ್ನು ಅಲ್ಲಿನ ಬಂದೂಕಿನವರು ಅಪಹರಣದ ದಂಧೆ ಮಾಡಿಕೊಂಡರು ಎಂಬುದೂ ನಿಜ. ಇಷ್ಟು ಒಪ್ಪಿದೆ. ಮುಂದೆ ಹೋಗೋಣ, ಅಂದರೆ ಹಿಂದೆ ಹೋಗೋಣ.

1944ರ ಫೆಬ್ರವರಿ 23. ಕೆಂಪು ಸೇನೆಯ ದಿನಾಚರಣೆ ಅಂತ ಊರೂರಲ್ಲಿ ಗಂಡಸರನ್ನು ಕರೆದರು. ಬಂದು ಸೇರಿದ ಮೇಲೆ ಸುತ್ತ ಬಂದೂಕು. ಹಿಟ್ಲರನ ವಿರುದ್ಧದ ಯುದ್ಧಕ್ಕೆಂದು ಅಮೆರಿಕ ಕೊಟ್ಟಿದ್ದ ಸ್ಟುಡಿಬೇಕರ್ ಲಾರಿಗಳಿಗೆ ಹೆಂಗಸರು, ಮಕ್ಕಳು, ಮುದುಕರನ್ನು ತುಂಬಿದರು. ಅಲ್ಲಿಂದ ಗೂಡ್ಸ್ ರೈಲಿಗೆ. ಸ್ಟಾಲಿನ್ನನ ರಹಸ್ಯ ಪೊಲೀಸ್ ಮುಖ್ಯಸ್ಥ ಬೇರಿಯಾ ಖುದ್ದಾಗಿ ನಿಂತು ಮಾಡಿಸಿದ ಕೆಲಸ. ಚೆಚೆನ್ನರೂ ಅವರ ನೆರೆಯ ಇಂಗುಷರೂ ಸೇರಿ ಸುಮಾರು 5 ಲಕ್ಷ ಜನ ಕಜಕ್‌ಸ್ತಾನ, ಕಿರ್ಗಿಜ್‌ಸ್ತಾನಗಳ ಚಳಿಗೆ ಹೋಗಿ ಬಿದ್ದರು. ಜರ್ಮನ್ನರ ಜೊತೆ ಕೈಜೋಡಿಸಿದರು ಎಂಬುದು ಆರೋಪ. ಜರ್ಮನ್ನರ ವಿರುದ್ಧವೇ ಕಾದಾಡುತ್ತಿದ್ದ ಚೆಚೆನ್ ಸೈನಿಕರನ್ನೂ ಗಡೀಪಾರು ಮಾಡಿದ್ದು ದಾಖಲೆ. ಗಣರಾಜ್ಯದ ಹೆಸರನ್ನೇ ನಕಾಶೆಯಿಂದ ಅಳಿಸಿದರು. ಸಮಾಧಿ ಕಲ್ಲುಗಳನ್ನು ಕಿತ್ತು ರಸ್ತೆಗೆ ಹಾಸಿದರು. 1957ರಲ್ಲಿ ಗಣರಾಜ್ಯ ಮತ್ತೆ ಸಿಕ್ಕಿ ವಾಪಸ್ ಬರುವಾಗ ಎಷ್ಟೋ ಮಂದಿ ಹೊರನಾಡಿನಲ್ಲಿ ಸತ್ತ ತಮ್ಮವರ ಎಲುಬುಗಳನ್ನು ಗಂಟು ಕಟ್ಟಿ ತಂದರು, ಊರ ಮಣ್ಣಿಗೆ ಹಾಕಲು.

1991ರಲ್ಲಿ ಸ್ವಾತಂತ್ರ್ಯ ಘೋಷಿಸಿದ ಜೋಖರ್ ದುದಾಯೆವ್ ಹುಟ್ಟಿದ್ದು ಆ 1944ರಲ್ಲೇ. ನಂತರ ಬಂದ ಅಸ್ಲನ್ ಮಸ್ಖಾದೋವ್ ಹುಟ್ಟಿದ್ದು ಗಡೀಪಾರಿನಲ್ಲಿ, ಕಜಕ್‌ಸ್ತಾನದಲ್ಲಿ. ಒಬ್ಬರು ಸೋವಿಯತ್ ವಾಯುಸೇನೆಯ ಜನರಲ್ ಆದರು, ಇನ್ನೊಬ್ಬರು ಫಿರಂಗಿ ದಳದ ಕರ್ನಲ್. ಹುಟ್ಟಾ ಉಗ್ರರೇನೂ ಅಲ್ಲ ಸ್ವಾಮಿ.

1994ರ ಡಿಸೆಂಬರಿನಲ್ಲಿ ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಸೈನ್ಯ ನುಗ್ಗಿಸಿದಾಗ ಗ್ರೋಜ್ನಿಯ ನೆಲಮಾಳಿಗೆಯಲ್ಲಿ ಕೂತು, ಮೇಲೆ ಬಾಂಬು ಬೀಳುತ್ತಿದ್ದರೂ ಮಾಸ್ಕೋಗೆ ನಿಜ ಹೇಳುತ್ತಿದ್ದವರು ಯಾರು ಗೊತ್ತೇ? ರಷ್ಯಾದ್ದೇ ಮಾನವ ಹಕ್ಕುಗಳ ಆಯುಕ್ತ ಸೆರ್ಗೈ ಕೊವಾಲ್ಯೊವ್. ಜೀವವಿಜ್ಞಾನಿ, ಸೋವಿಯತ್ ನಾಯಕ ಬ್ರೆಜ್ನೆವ್ ಕಾಲದಲ್ಲಿ ಜೈಲು ಕಂಡವರು. ನಗರದ ನಡುಭಾಗದಲ್ಲಿ ಸತ್ತವರಲ್ಲಿ ರಷ್ಯನ್ನರೇ ಬಹಳ ಮಂದಿ. ಚೆಚೆನ್ನರಿಗೆ ಹಳ್ಳಿಯಲ್ಲಿ ಚಿಕ್ಕಪ್ಪನೋ ಸೋದರಮಾವನೋ ಇದ್ದರು, ಓಡಿಹೋದರು. ಪಿಂಚಣಿ ನಂಬಿ ಫ್ಲ್ಯಾಟಿನಲ್ಲಿದ್ದ ರಷ್ಯನ್ ಅಜ್ಜಿಯರು ಎಲ್ಲಿಗೆ ಹೋಗಬೇಕು? ತಮ್ಮದೇ ಸರ್ಕಾರದ ಬಾಂಬಿಗೆ ಸತ್ತರು. ಇದನ್ನೆಲ್ಲ ಹೇಳಿದ ತಪ್ಪಿಗೆ 1995ರ ಮಾರ್ಚಿನಲ್ಲಿ ಸಂಸತ್ತು ಕೊವಾಲ್ಯೊವ್ ಅವರನ್ನು ಹುದ್ದೆಯಿಂದ ಇಳಿಸಿತು.

ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಯಾರ ಗಡಿ ಎಲ್ಲಿರಬೇಕು ಎಂದು ತೀರ್ಮಾನಿಸಲು ನಾನು ಯಾರು? ಚೆಚೆನ್ಯಾ ರಷ್ಯಾದ್ದೇ ಅನ್ನಿ, ವಾದಕ್ಕೆ ಒಪ್ಪುತ್ತೇನೆ. ಹಾಗಾದರೆ ಸತ್ತವರೂ ರಷ್ಯಾದ ಪ್ರಜೆಗಳು ತಾನೇ? ನೆಲ ಮಾತ್ರ ನಮ್ಮದು, ಜನ ನಮ್ಮವರಲ್ಲ ಅಂದರೆ ಹೇಗೆ?

ಸ್ಟ್ರಾಸ್‌ಬರ್ಗ್‌ನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಸ್ವಾತಂತ್ರ್ಯ ಕೊಡಬೇಕೋ ಬೇಡವೋ ಎಂಬ ತಂಟೆಗೇ ಅದು ಹೋಗಲಿಲ್ಲ. ಗ್ರೋಜ್ನಿ ಅಂಚಿನ ನೋವಿ ಅಲ್ದಿ ಎಂಬ ಬಡಾವಣೆಯನ್ನೇ ತೆಗೆದುಕೊಳ್ಳಿ. 1999ರಲ್ಲಿ ರಷ್ಯಾದ ಸೈನ್ಯ ಮತ್ತೆ ನುಗ್ಗಿ ಎರಡನೇ ಯುದ್ಧ ಶುರುವಾಗಿತ್ತು. ಇಲ್ಲಿ ಹೋರಾಟಗಾರರಿಲ್ಲ, ಗುಂಡು ಹಾರಿಸಬೇಡಿ ಅಂತ ಅಲ್ಲಿನ ಜನ ಬಿಳಿ ಬಾವುಟ ಹಿಡಿದು ಸೈನಿಕರ ಬಳಿ ಹೋಗಿದ್ದರು. 2000ದ ಫೆಬ್ರವರಿ 5ರಂದು ತಪಾಸಣೆಯ ಹೆಸರಲ್ಲಿ ಬಂದವರು ಮನೆಮನೆಯಲ್ಲಿ ದುಡ್ಡು, ಚಿನ್ನ ಕೇಳಿದರು. ಮನೆಯಲ್ಲಿ, ಅಂಗಳದಲ್ಲಿ, ಬೀದಿಯಲ್ಲಿ ಸಿಕ್ಕವರನ್ನು ಗುಂಡಿಟ್ಟು ಕೊಂದರು. 50ಕ್ಕೂ ಹೆಚ್ಚು ಹೆಣ. 2007ರಲ್ಲಿ ಸ್ಟ್ರಾಸ್‌ಬರ್ಗ್ ರಷ್ಯಾವನ್ನೇ ಹೊಣೆ ಮಾಡಿತು. ಇಂಥ ತೀರ್ಪುಗಳು 200ಕ್ಕೂ ಮೇಲೆ ಬಂದಿವೆ. ರಷ್ಯಾ ಸಾಮಾನ್ಯವಾಗಿ ಪರಿಹಾರದ ಹಣ ಕಟ್ಟಿ ಕೈತೊಳೆದುಕೊಂಡಿತು, ಕೊಂದವರನ್ನು ಹುಡುಕುವ ಗೋಜಿಗೆ ಹೋಗಲಿಲ್ಲ.

ಇನ್ನು ‘ಮಾತುಕತೆಗೆ ಯಾರಿದ್ದರು, ಎಲ್ಲರೂ ಭಯೋತ್ಪಾದಕರೇ’ ಎಂದು ಷರಾ ಬೇರೆ ಬರೆದಿದ್ದೀರಿ. ಇದ್ದರು ಮೇಷ್ಟ್ರೇ. 1997ರ ಜನವರಿಯಲ್ಲಿ ಯುರೋಪಿನ ವೀಕ್ಷಕರ ಎದುರಿಗೇ ಚೆಚೆನ್ಯಾದ ಅಧ್ಯಕ್ಷ ಚುನಾವಣೆ ನಡೆಯಿತು. ಬಸಾಯೆವ್ ನಿಂತು ಸೋತ. ಗೆದ್ದದ್ದು ಮಾತುಕತೆಯ ಮನುಷ್ಯ ಮಸ್ಖಾದೋವ್. ಅದೇ ವರ್ಷ ಮೇ 12ರಂದು ಯೆಲ್ತ್ಸಿನ್ ಆತನ ಜೊತೆ ಕ್ರೆಮ್ಲಿನ್‌ನಲ್ಲಿ ಕೂತು, ಇನ್ನೆಂದೂ ಬಲಪ್ರಯೋಗ ಮಾಡುವುದಿಲ್ಲ ಅಂತ ಸಹಿಯನ್ನೂ ಹಾಕಿದರು. ಬೆಸ್ಲಾನ್ ಕೃತ್ಯವನ್ನು ಖಂಡಿಸಿದ್ದ ಇದೇ ಮಸ್ಖಾದೋವ್, 2005ರ ಆರಂಭದಲ್ಲಿ ತನ್ನ ಕಡೆಯಿಂದಲೇ ಕದನ ವಿರಾಮ ಘೋಷಿಸಿದ. ಮಾರ್ಚ್ 8ರಂದು ರಷ್ಯಾದ ಪಡೆಗಳ ಕಾರ್ಯಾಚರಣೆಯಲ್ಲಿ ಆತ ಹೆಣವಾದ. ಹೆಣವನ್ನು ಮನೆಯವರಿಗೂ ಕೊಡಲಿಲ್ಲ. ಮಾತಾಡುವವನನ್ನು ಮುಗಿಸಿದ ಮೇಲೆ ಉಳಿಯುವವರು ಯಾರು, ನೀವೇ ಹೇಳಿ.

ನನಗೆ ನಿಮ್ಮೊಬ್ಬರ ಮೇಲೆ ಮುನಿಸಿಲ್ಲ. ನಮ್ಮಲ್ಲೊಂದು ತಲೆಮಾರು ಅಗ್ಗಕ್ಕೆ ಸಿಗುತ್ತಿದ್ದ ಸೋವಿಯತ್ ಪುಸ್ತಕ ಓದಿ ಬೆಳೆಯಿತು. ನಾನೂ ಅವುಗಳ ಋಣದವನೇ. ಆ ಪುಟಗಳಲ್ಲಿ ಫೆಬ್ರವರಿ 23 ಇರಲಿಲ್ಲ. ಎಡದ ಗೆಳೆಯರಿಗೆ ಮಾಸ್ಕೋವನ್ನು ಬೈಯಲು ಇವತ್ತಿಗೂ ಬಾಯಿ ಬರುವುದಿಲ್ಲ. ಬಲದ ಗೆಳೆಯರಿಗೆ ಪುಟಿನ್ ಅಂದರೆ ಗಂಡೆದೆ. 2001ರ ನವೆಂಬರಿನಲ್ಲಿ ವಾಜಪೇಯಿ ಮಾಸ್ಕೋದಲ್ಲಿ ಪುಟಿನ್ ಜೊತೆ ಭಯೋತ್ಪಾದನೆಯ ವಿರುದ್ಧ ಘೋಷಣೆಗೆ ಸಹಿ ಹಾಕಿ ಬಂದಾಗ ಎರಡೂ ಕಡೆ ಚಪ್ಪಾಳೆ. ಪತ್ರಿಕೆಗಳಂತೂ ಕೇಳಬೇಡಿ: ಕ್ರಿಕೆಟ್ ಸ್ಕೋರು ಜಾಸ್ತಿಯಾದ ದಿನ ಮೊದಲು ಕತ್ತರಿ ಬೀಳುವುದೇ ವಿದೇಶ ಸುದ್ದಿಗೆ. ನಮಗೇಕೆ ಎನ್ನುತ್ತೀರಿ. ಎಂಬಿಬಿಎಸ್ ಓದಲು ನಮ್ಮ ದೇಶದ ಮಕ್ಕಳು ಚೆಚೆನ್ಯಾದ ಪಕ್ಕದ ದಾಗೆಸ್ತಾನದವರೆಗೆ ಹೋಗುತ್ತಾರೆ. ಅವರ ಅಪ್ಪ ಅಮ್ಮಂದಿರಿಗೆ ಆ ನಾಡಿನ ಬಗ್ಗೆ ಓದಲು ಕನ್ನಡದಲ್ಲಿ ಏನಿದೆ, ಫೀಸಿನ ಪಟ್ಟಿ ಬಿಟ್ಟರೆ?

ಉಳಿದದ್ದು ಗ್ರೋಜ್ನಿಯ ಹೊಳಪು. ನತಾಲಿಯಾ ಎಸ್ತೆಮಿರೋವಾ ನಿಮ್ಮ ಹಾಗೇ ಇತಿಹಾಸದ ಟೀಚರ್. ಅಪ್ಪ ಚೆಚೆನ್, ಅಮ್ಮ ರಷ್ಯನ್. ಪಾಠ ಬಿಟ್ಟು ‘ಮೆಮೋರಿಯಲ್’ ಎಂಬ ರಷ್ಯಾದ ಮಾನವ ಹಕ್ಕು ಸಂಸ್ಥೆಗೆ ಸೇರಿ, ಕಾಣೆಯಾದವರ ಹೆಸರು ಬರೆದಿಡುವ ಕೆಲಸ ಹಿಡಿದರು. 2009ರ ಜುಲೈ 15ರ ಬೆಳಿಗ್ಗೆ, ಹೊಸ ಕಟ್ಟಡಗಳೆದ್ದಿದ್ದ ಅದೇ ಗ್ರೋಜ್ನಿಯಲ್ಲಿ, ಮನೆ ಹತ್ತಿರವೇ ಆಕೆಯನ್ನು ಕಾರಿಗೆ ತಳ್ಳಿದರು. ನನ್ನನ್ನು ಅಪಹರಿಸುತ್ತಿದ್ದಾರೆ ಎಂದು ಕೂಗಿದ್ದನ್ನು ಕೇಳಿದವರಿದ್ದಾರೆ. ಅದೇ ದಿನ ಪಕ್ಕದ ಇಂಗುಷೇತಿಯಾದಲ್ಲಿ ಹೆಣ ಸಿಕ್ಕಿತು. ಆಕೆಯ ನಂತರ ಅಲ್ಲಿನ ಕಚೇರಿ ನೋಡಿಕೊಂಡ ಒಯುಬ್ ತಿತಿಯೆವ್ ಅವರ ಕಾರಿನಲ್ಲಿ 2018ರಲ್ಲಿ ಪೊಲೀಸರಿಗೆ ಗಾಂಜಾ ‘ಸಿಕ್ಕಿತು’. ಮೆಮೋರಿಯಲ್‌ಗೆ 2022ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾದ ದಿನವೇ ಮಾಸ್ಕೋದ ಕೋರ್ಟು ಅದರ ಕಟ್ಟಡವನ್ನು ಸರ್ಕಾರಕ್ಕೆ ಜಪ್ತಿ ಮಾಡಿಸಿತು.

ಇಷ್ಟಾದ ಮೇಲೂ ನಾನು ಹೇಳಿದ್ದು ಒಪ್ಪಿಗೆಯಾಗದಿದ್ದರೆ ನೀವೇ ಒಂದು ಲೇಖನ ಬರೆಯಿರಿ. 1818ರಲ್ಲಿ ರಷ್ಯಾದ ಜನರಲ್ ಯೆರ್ಮೊಲೋವ್ ಗ್ರೋಜ್ನಿ ಕೋಟೆ ಕಟ್ಟಿಸಿದ್ದರಿಂದ 1859ರಲ್ಲಿ ರಷ್ಯಾದ ವಿರುದ್ಧ ಕಾದಾಡಿದ ಇಮಾಮ್ ಶಮಿಲ್ ಶರಣಾಗುವವರೆಗಿನ ಭಾಗ ನಿಮಗೆ ಬಿಟ್ಟಿದ್ದು. 1200 ಪದ ಮೀರಬಾರದು, ಮುಂದಿನ ತಿಂಗಳ 10ರೊಳಗೆ ಕೈಸೇರಬೇಕು. ಒಂದು ಸಾಲೂ ಕತ್ತರಿಸದೆ ಹಾಕುತ್ತೇನೆ.